ಅಗಸಿ ಬಯಲಿನ ಮಕ್ಕಳು, ಓವರ್‌ಸಿಯರ್ ಸಾಹೇಬರ ನಕ್ಷೆ

ಮಕ್ಕಳಿರುವ ಓಣಿಯಲ್ಲಿ ದೊಡ್ಡವರು ಏನೇ ಕಟ್ಟಲಿ, ಅದು ಕಟ್ಟಿದವರ ಮಾತು ಕೇಳುವುದಿಲ್ಲ. ಕಟ್ಟೆ ಕಟ್ಟಿದರೆ ಮಕ್ಕಳು ಅದರಿಂದ ಜಿಗಿಯುತ್ತಾರೆ, ಗೋಡೆ ಎಬ್ಬಿಸಿದರೆ ಹತ್ತುತ್ತಾರೆ, ತಗ್ಗು ತೋಡಿದರೆ ಇಳಿಯುತ್ತಾರೆ. ಶಹಾಪುರದ ನಮ್ಮ ಓಣಿಯಲ್ಲಿ ಇಂಥವು ಒಂದು ಮುಗಿಯುವುದರೊಳಗೆ ಇನ್ನೊಂದು ನಡೆಯುತ್ತಿದ್ದವು. ಒಲೆಯ ಮುಂದೆ ಕುಳಿತು ಎಲ್ಲವನ್ನೂ ನೋಡಿದವಳು ನಾನು. ಆದ್ದರಿಂದ ನಾನೇ ಹೇಳಬೇಕು.

ದೋರನಹಳ್ಳಿಯಿಂದ ಈ ಊರಿಗೆ ಬಂದಾಗ ನನ್ನ ತಲೆಯ ಮೇಲೆ ಒಂದು ರೊಟ್ಟಿ ಹಂಚು, ಬಗಲಲ್ಲಿ ಒಂದು ಹೆಣ್ಣುಕೂಸು. ಗಂಡ ತೀರಿಕೊಂಡಿದ್ದ. ಬಂಧುಗಳು “ನಮ್ಮ ಮನಿಯಾಗ ಒಂದು ಮೂಲ್ಯಾಗ ಬಿದ್ದಿರು” ಎಂದಿದ್ದರು. ಬಿದ್ದಿರುವುದು ನನ್ನ ಜಾಯಮಾನವಲ್ಲ. ಊರ ಅಗಸಿ ಬಾಗಿಲ ಒಳಗಿನ ಬಯಲಿಗೆ ಎದುರಾಗಿ ಒಂದು ಖೋಲಿ ಹಿಡಿದು ಖಾನಾವಳಿ ಇಟ್ಟೆ. ನಿಜಾಮರ ರಾಜ್ಯ ಹೋಗಿ, ಆಮೇಲೆ ನಮ್ಮನ್ನು ಮೈಸೂರಿನ ಜೊತೆ ಕೂಡಿಸಿದ ವರ್ಷಗಳವು. ಕಚೇರಿಗಳಿಂದ ಉರ್ದು ಹೋಗಿ ಕನ್ನಡ ಬಂತು. ಕನ್ನಡದ ಬೆನ್ನಿಗೆ ದಕ್ಷಿಣದ ಕಡೆಯ ಸಾಹೇಬರೂ ಬಂದರು. ಬಂದವರಿಗೆಲ್ಲ ಹಸಿವಾಗುತ್ತಿತ್ತು. ನನ್ನ ಖಾನಾವಳಿ ಬೆಳೆಯಿತು.

ಆ ಬಯಲು ಇಲ್ಲದಿದ್ದರೆ ನಾನು ಬೆಳೆಯುತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ನನ್ನ ಒಲೆ ಬಾಗಿಲ ಪಕ್ಕದಲ್ಲೇ ಇತ್ತು. ಕೈ ರೊಟ್ಟಿ ಬಡಿಯುತ್ತಿದ್ದರೆ ಕಣ್ಣು ಬಯಲಿನ ಮೇಲೆ ಇರುತ್ತಿತ್ತು. ನನ್ನ ಮಗಳೂ ಓಣಿಯ ಉಳಿದ ಮಕ್ಕಳೂ ಅಲ್ಲೇ ಆಡಿ, ಅಲ್ಲೇ ಬಿದ್ದು, ಅಲ್ಲೇ ಎದ್ದು ದೊಡ್ಡವರಾದರು. ಕೂಸನ್ನು ನೋಡಿಕೊಳ್ಳಲು ನನಗೆ ಅತ್ತೆ ಇರಲಿಲ್ಲ, ತಾಯಿ ಇರಲಿಲ್ಲ. ಬಯಲು ಇತ್ತು.

ಮಾಳಿಗೆಯ ಮೇಲಿನ ಓಣಿ

ನಮ್ಮ ಓಣಿಯ ಮನೆಗಳದು ಕಲ್ಲಿನ ಗೋಡೆ, ಮೇಲೆ ಮಣ್ಣಿನ ಚಪ್ಪಟೆ ಮಾಳಿಗೆ. ಒಂದು ಮನೆಯ ಗೋಡೆಗೆ ಅಂಟಿಕೊಂಡೇ ಇನ್ನೊಂದು ಮನೆ. ಹೀಗಾಗಿ ನಮಗೆ ಕೆಳಗೊಂದು ಓಣಿ, ಮೇಲೊಂದು ಓಣಿ. ಕೆಳಗಿನದು ದೊಡ್ಡವರದು, ಎತ್ತು ಎಮ್ಮೆಗಳದು. ಮೇಲಿನದು ಮಕ್ಕಳದು. ಓಣಿಯ ಈ ತುದಿಯಲ್ಲಿ ನಿಚ್ಚಣಿಕೆ ಹತ್ತಿದ ಹುಡುಗಿ ಆ ತುದಿಯಲ್ಲಿ ಇಳಿಯುತ್ತಿದ್ದಳು, ನಡುವೆ ನೆಲಕ್ಕೆ ಕಾಲು ಇಡುತ್ತಿರಲಿಲ್ಲ.

ಇದು ಗೊತ್ತಿಲ್ಲದೆ ಹೊಸ ಓವರ್‌ಸಿಯರ್ ಸಾಹೇಬರು ಮೊದಲ ದಿನ ಊಟಕ್ಕೆ ಬಂದು ಮಾಳಿಗೆಯ ಬೆಳಕಿಂಡಿಯ ಕೆಳಗೇ ಮಣೆ ಹಾಕಿಕೊಂಡು ಕುಳಿತರು. ಮೈಸೂರು ಕಡೆಯವರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೊದಲ ತುತ್ತು ಬಾಯಿಗೆ ಇಡುವಷ್ಟರಲ್ಲಿ ಮೇಲೆ ದಡದಡ ಸದ್ದಾಯಿತು. ಬೆಳಕಿಂಡಿಯಿಂದ ಮಣ್ಣು ಸುರಿದು ಗಂಗಾಳದಲ್ಲಿ ಬಡಿಸಿದ್ದ ಬ್ಯಾಳಿಯಲ್ಲಿ ಬಿತ್ತು.

“ಏನಮ್ಮಾ ಇದು, ಭೂಕಂಪನಾ?” ಎಂದು ಎದ್ದು ನಿಂತರು.

“ಅಲ್ರಿ ಸಾಹೇಬ್ರ, ಸಾಲಿ ಬಿಟ್ಟದ.”

ಬೆಳಕಿಂಡಿಯಲ್ಲಿ ನನ್ನ ಮಗಳ ಮುಖ ಕಾಣಿಸಿತು. “ಯವ್ವಾ, ಇವತ್ತ ಏನ್ ಪಲ್ಯ ಮಾಡೀದಿ?”

“ಪುಂಡಿಪಲ್ಯ.”

“ಹಂಗಾರ ನಾ ಆಮ್ಯಾಲ ಬರ್ತೀನಿ.” ಮುಖ ಮಾಯವಾಯಿತು. ಮತ್ತೆ ದಡದಡ.

ನಾನು ಬೇರೆ ಬ್ಯಾಳಿ ಬಡಿಸಿದೆ. ಸಾಹೇಬರು ಗಂಗಾಳ ಎತ್ತಿಕೊಂಡು ಆ ಕಡೆಯ ಇನ್ನೊಂದು ಮೂಲೆಗೆ ಹೊರಟರು.

“ಅಲ್ಲೆ ಕೂಡಬ್ಯಾಡ್ರಿ,” ಎಂದೆ. “ಹೋಗೂ ಮುಂದ ಮಣ್ಣು ಇಲ್ಲೆ ಬೀಳ್ತದ, ಬರೂ ಮುಂದ ಅಲ್ಲೆ ಬೀಳ್ತದ.”

ಅಂದಿನಿಂದ ಆ ಮನುಷ್ಯ ಖಾನಾವಳಿಗೆ ಬಂದರೆ ಊಟಕ್ಕೆ ಏನಿದೆ ಎಂದು ಕೇಳುತ್ತಿರಲಿಲ್ಲ. ಬಾಗಿಲಲ್ಲೇ ನಿಂತು, “ಮೇಲಿನವರು ಹೋಗಿದಾರಾ, ಬಂದಿದಾರಾ?” ಎಂದು ಕೇಳಿ, ಅದರಂತೆ ಮಣೆ ಹಾಕಿಕೊಳ್ಳುತ್ತಿದ್ದರು.

ಖಾಲಿ ಜಾಗ

ಒಂದು ದಿನ ಊಟ ಮುಗಿಸಿದ ಸಾಹೇಬರು ಹೊರಗಿನ ಕಟ್ಟೆಯ ಮೇಲೆ ಒಂದು ದೊಡ್ಡ ಕಾಗದ ಹರವಿದರು. ತುಂಬ ಗೆರೆಗಳಿದ್ದ ಒಂದು ನಕ್ಷೆ.

“ನೋಡಮ್ಮಾ, ನಿಮ್ಮೂರು ಮುಂದೆ ಹೇಗಾಗತ್ತೆ ಅಂತ,” ಎಂದು ಅದನ್ನು ನನ್ನ ಕಡೆ ತಿರುಗಿಸಲು ಹೋದರು.

“ತಿರಗಿಸಬ್ಯಾಡ್ರಿ. ನನಗ ತಲಿಕೆಳಗ ಇದ್ರೇ ಛಲೋ ಓದಾಕ ಬರ್ತದ.”

ಸಾಹೇಬರು ನನ್ನ ಮುಖ ನೋಡಿದರು. ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ನಾನು ಸಾಲಿಗೆ ಹೋದವಳಲ್ಲ. ಖಾನಾವಳಿಗೆ ಬರುವ ಮಾಸ್ತರರೊಬ್ಬರು ಪೇಪರು ಮುಂದಿಟ್ಟುಕೊಂಡೇ ಉಣ್ಣುತ್ತಿದ್ದರು. ನಾನು ಎದುರಿಗೆ ಕುಳಿತು ರೊಟ್ಟಿ ಹಾಕುತ್ತ, ಇದ್ಯಾವ ಅಕ್ಷರ, ಅದ್ಯಾವ ಅಕ್ಷರ ಎಂದು ಕೇಳಿ ಕೇಳಿ ಕಲಿತೆ. ಅವರಿಗೆ ನೆಟ್ಟಗಿದ್ದದ್ದು ನನಗೆ ತಲೆಕೆಳಗು. ಆಮೇಲೆ ನಾನೇ ಪುಸ್ತಕ ಹಿಡಿದು ನೆಟ್ಟಗೂ ಕಲಿತೆ. ಸಾಲಿಗೆ ಹೋದವರು ಒಂದು ಕಡೆಯಿಂದ ಓದುತ್ತಾರೆ, ನಾನು ಎರಡೂ ಕಡೆಯಿಂದ ಓದುತ್ತೇನೆ.

ಓದಿದೆ. ಅಂಗಡಿ ಒಂದು, ಅಂಗಡಿ ಎರಡು, ಅಂಗಡಿ ಮೂರು. ಎರಡು ಸಾಲು, ನಡುವೆ ದಾರಿ.

“ಇವು ಎಲ್ಲಿ ಬರ್ತಾವ್ರಿ?”

“ಇಲ್ಲೇ, ಎದುರಿಗೆ. ಇಷ್ಟು ದೊಡ್ಡ ಜಾಗ ಖಾಲಿ ಬಿದ್ದಿದೆಯಲ್ಲ.”

ಆ ಹೊತ್ತಿಗೆ ಬಯಲಲ್ಲಿ ಒಂದು ಕಡೆ ಚಿಣಿದಾಂಡು ನಡೆದಿತ್ತು. ಒಂದು ಕಡೆ ಗೋಲಿ, ಒಂದು ಕಡೆ ಲಗೋರಿ. ಇಬ್ಬರು ಕುಸ್ತಿ ಹಿಡಿದಿದ್ದರು. ಅವರಿಬ್ಬರ ಜಗಳ ಬಿಡಿಸಲು ಮೂರನೆಯವನು ಹೋಗಿ ಅಡಿಗೆ ಬಿದ್ದಿದ್ದ.

“ಒಂದು ಕಾಲಿಡಾಕ ಜಾಗ ಇಲ್ಲ, ಖಾಲಿ ಅಂತೀರಲ್ರಿ?”

“ಮಕ್ಕಳು ಮನೇಲಿ ಆಡ್ಕೊಳ್ಳಲಿ.”

“ಮನ್ಯಾಗ ಇರೂದು ಒಂದು ಖೋಲಿ. ಅದರಾಗ ಅಜ್ಜ ಮಲಗ್ಯಾನ.”

“ಬೀದೀಲಿ ಆಡಲಿ.”

“ಓಣ್ಯಾಗ ಬಂಡಿ ಬರ್ತಾವ.”

ಸಾಹೇಬರು ದನಿ ತಗ್ಗಿಸಿದರು. “ಮೊದಲನೇ ಅಂಗಡಿ ನಿಮಗೇ ಕೊಡಿಸ್ತೀನಿ. ಸಿಮೆಂಟ್ ನೆಲ, ಕಬ್ಬಿಣದ ಬಾಗಿಲು.”

ಸಿಮೆಂಟ್ ನೆಲ ಎಂದಾಗ ನನ್ನ ಮನಸ್ಸು ಒಂದು ಗಳಿಗೆ ಆ ಕಡೆ ಹೋದದ್ದು ನಿಜ. ಸೆಗಣಿ ಸಾರಿಸಿ ಸಾರಿಸಿ ನನ್ನ ಕೈಗಳು ಬೇಸತ್ತಿದ್ದವು. ಆದರೆ ಒಲೆಯ ಮುಂದೆ ಕುಳಿತು ನೋಡಿದರೆ ಮುಂದೆ ಏನು ಕಾಣಬಹುದು? ಅಂಗಡಿಗಳ ಬೆನ್ನು. ಮಗಳು ಎಲ್ಲಿ ಆಡುತ್ತಾಳೆ, ಎಲ್ಲಿ ಬೀಳುತ್ತಾಳೆ, ನನಗೆ ಹೇಗೆ ಗೊತ್ತಾಗಬೇಕು?

“ಬ್ಯಾಡ್ರಿ,” ಎಂದೆ.

“ಯಾಕಮ್ಮಾ ಇಷ್ಟು ಹಟ? ಹೇಗೂ ಗುಲಬರ್ಗಾದ ದೊಡ್ಡ ಸಾಹೇಬರ ಒಪ್ಪಿಗೆ ಒಂದೇ ಬಾಕಿ.”

“ಇದು ಹಟ ಅಲ್ರಿ. ನಾ ಹಟ ಮಾಡಿದ್ರ ನಿಮಗ ಗೊತ್ತಾಗ್ತದ.”

ಮರುದಿನ ಗೊತ್ತಾಯಿತು. ಸಾಹೇಬರಿಗೆ ಶೇಂಗಾ ಹಿಂಡಿ, ಅವರ ಕಡೆಯ ಮಾತಿನಲ್ಲಿ ಚಟ್ನಿಪುಡಿ, ಎಂದರೆ ಪ್ರಾಣ. ರೊಟ್ಟಿ ಬಂತು, ಪಲ್ಯ ಬಂತು, ಬ್ಯಾಳಿ ಬಂತು. ಹಿಂಡಿ ಬರಲಿಲ್ಲ. ಕಾದು ಕಾದು ಗಂಗಾಳದ ಅಂಚಿಗೆ ಬೆರಳಿಟ್ಟು ತೋರಿಸಿದರು. “ಅಮ್ಮಾ, ಇಲ್ಲಿ ಖಾಲಿ ಇದೆ.”

“ಹೌದ್ರಿ. ಒಂದು ಅಂಗಡಿ ಕಟ್ರಿ.”

ಊಟ ಮಾಡದ ಹುಡುಗಿ

ಸಾಹೇಬರ ಮನೆ ಊರ ಹೊರಗಿನ ಹೊಸ ಕ್ವಾರ್ಟರ್ಸಿನಲ್ಲಿತ್ತು. ಸಾಲಾಗಿ ಕಟ್ಟಿದ ಚಂದದ ಮನೆಗಳು. ಒಂದಕ್ಕೊಂದು ತಾಗುವುದಿಲ್ಲ. ಪ್ರತಿ ಮನೆಯ ಸುತ್ತ ಮುಳ್ಳುತಂತಿ, ಮುಂದೆ ಗೇಟು. ಸಾಹೇಬರೇ ನಿಂತು ಕಟ್ಟಿಸಿದ್ದು. ಅವರ ಮಗಳು, ನನ್ನ ಮಗಳ ವಾರಿಗೆಯವಳು, ಇಡೀ ದಿನ ಗೇಟು ಹಿಡಿದು ನಿಂತಿರುತ್ತಿದ್ದಳು. ಎದುರಿನ ಮನೆಯ ಹುಡುಗಿ ಅವಳ ಗೇಟು ಹಿಡಿದು ನಿಂತಿರುತ್ತಿದ್ದಳು. ಅದೇ ಅವರ ಆಟ.

ಆ ಹುಡುಗಿ ಸರಿಯಾಗಿ ಊಟ ಮಾಡುವುದಿಲ್ಲ ಎಂದು ತಾಯಿ ಕೊಡಿಸದ ಔಷಧ ಇರಲಿಲ್ಲ. ನಮ್ಮ ರೊಟ್ಟಿ ತೋರಿಸಿದರೆ ಬಾಯಿ ತೆರೆದಾಳೇನೋ ಎಂದು ಒಂದು ಭಾನುವಾರ ಸಾಹೇಬರು ಮಗಳನ್ನು ಕರೆದುಕೊಂಡು ಬಂದರು. ಅವರು ಕೈ ತೊಳೆದು ತಿರುಗುವುದರೊಳಗೆ ಹುಡುಗಿ ಇಲ್ಲ.

ಸಾಹೇಬರು ಓಣಿಯ ತುಂಬ ಓಡಿದರು. ಕಚೇರಿಯ ಜವಾನರು ಬಂದರು. ಒಬ್ಬ ಬಾವಿ ಇಣುಕಿದ, ಒಬ್ಬ ಎಮ್ಮೆ ಕಟ್ಟುವ ಕೊಟ್ಟಿಗೆ ಹೊಕ್ಕು ಎಮ್ಮೆಯಿಂದ ಒದೆಸಿಕೊಂಡು ಹೊರಬಂದ. ನಾನೂ ರೊಟ್ಟಿ ಬಿಟ್ಟು ಬಾಗಿಲಿಗೆ ಬಂದೆ. ಬಯಲು ನೋಡಿದೆ, ನನ್ನ ಮಗಳೂ ಕಾಣಲಿಲ್ಲ. ಸಮಾಧಾನವಾಗಿ ಮತ್ತೆ ರೊಟ್ಟಿ ಬಡಿಯಲು ಕುಳಿತೆ.

“ಅಲ್ಲಮ್ಮಾ, ನನ್ನ ಮಗಳು ಕಳೆದುಹೋಗಿದಾಳೆ, ನೀವು ರೊಟ್ಟಿ ಬಡೀತಾ ಕೂತಿದೀರಲ್ಲ!”

“ನನ್ನ ಮಗಳೂ ಕಾಣವಲ್ಲಳ್ರಿ. ಇಬ್ಬರೂ ಕೂಡೇ ಕಾಣವಲ್ರು ಅಂದ್ರ ಆರಾಮ ಅದಾರ ಅಂತ ತಿಳೀರಿ. ಮ್ಯಾಲ ನೋಡ್ರಿ, ಮ್ಯಾಲ.”

ಸಾಹೇಬರು ಆಕಾಶ ನೋಡಿ ಕಣ್ಣು ಮುಚ್ಚಿ ಕೈ ಮುಗಿದರು.

“ದೇವರನ್ನಲ್ರಿ, ಮಾಳಗಿ ನೋಡ್ರಿ!”

ಓಣಿಯ ಕಡೆಯ ಮನೆಯ ನಿಚ್ಚಣಿಕೆಯಿಂದ ಇಬ್ಬರೂ ಇಳಿಯುತ್ತಿದ್ದರು. ಸಾಹೇಬರ ಮಗಳ ತಲೆಯಲ್ಲಿ ಜೋಳದ ಕಣಿಕೆಯ ಒಣ ರವದಿ, ಮೊಣಕೈಯಲ್ಲಿ ತರಚು, ತುಟಿಯ ಸುತ್ತ ಬೆಲ್ಲ. ಒಂದು ಮನೆಯ ಮಾಳಿಗೆ ದಾಟುವಾಗ ಸಜ್ಜೆರೊಟ್ಟಿ ತಿಂದಿದ್ದಳು, ಇನ್ನೊಂದರಲ್ಲಿ ಶೇಂಗಾ ಬೆಲ್ಲ, ಕಡೆಯದರಲ್ಲಿ ಮಜ್ಜಿಗೆ ಕುಡಿದಿದ್ದಳು. ಸಾಹೇಬರು ಬಯ್ಯಲು ಬಾಯಿ ತೆರೆದರು. ಅದಕ್ಕೂ ಮೊದಲು ಹುಡುಗಿ ಕೇಳಿದಳು: “ಅಪ್ಪಾ, ಊಟಕ್ಕೆ ಏನಿದೆ?”

ಇನ್ನು ಈ ಕಡೆ ಕಾಲಿಡಲಾರರು ಎಂದುಕೊಂಡೆ. ಮುಂದಿನ ಭಾನುವಾರ ಸಾಹೇಬರ ಹೆಂಡತಿಯೇ ಬಂದರು. ಒಂದು ಕೈಯಲ್ಲಿ ಮಗಳು, ಇನ್ನೊಂದು ಕೈಯಲ್ಲಿ ಗುಂಡಗಿನ ಸಣ್ಣ ಮಗ.

“ಅಮ್ಮಾ, ಇವನೂ ಸರಿಯಾಗಿ ಊಟ ಮಾಡಲ್ಲ,” ಎಂದರು. “ಇವನನ್ನೂ ಸ್ವಲ್ಪ ಮೇಲಕ್ಕೆ ಹತ್ತಿಸ್ತೀರಾ?”

ಡ್ರಿಲ್ ಮಾಸ್ತರರ ಬೇಡಿಕೆ

ಅಂಗಡಿಗಳಿಗೆ ಒಪ್ಪಿಗೆ ಬರುವವರೆಗೆ ಸುಮ್ಮನೆ ಕೂಡುವ ಮನುಷ್ಯರಲ್ಲ ಓವರ್‌ಸಿಯರ್ ಸಾಹೇಬರು. ಓಣಿಗೆ ಗಟಾರ ಹಾಕಿಸಿದರು. ಒಳ್ಳೆಯ ಕೆಲಸ, ಅದಕ್ಕೆ ಅವರನ್ನು ಹೊಗಳುತ್ತೇನೆ. ಮನಸ್ಸಿಗೆ ಬಂದ ಕಡೆ ಹರಿಯುತ್ತಿದ್ದ ಬಚ್ಚಲ ನೀರು ಫರಸಿ ಕಲ್ಲಿನ ನಡುವೆ ಶಿಸ್ತಾಗಿ ಹೋಗತೊಡಗಿತು. ಓಣಿಯ ಆರಂಭದಲ್ಲಿ ಗಟಾರ ಕಿರಿದು, ಹೋಗುತ್ತ ಹೋಗುತ್ತ ಅಗಲ.

ಅದೇ ಹೊತ್ತಿಗೆ ಸಾಲಿಗೆ ಹೊಸ ಡ್ರಿಲ್ ಮಾಸ್ತರರು ಬಂದಿದ್ದರು. ಅವರದೂ ಊಟ ನನ್ನಲ್ಲೇ. ಕುಳಿತರೆ ಎದ್ದರೆ ಒಂದೇ ದೂರು: “ಏನ್ ಹುಡುಗ್ರವ್ವಾ ಇವು! ಓಡ್ರಿ ಅಂದ್ರ ಹೊಟ್ಟಿ ನೋವು ಅಂತಾವ. ಜಿಗೀರಿ ಅಂದ್ರ ನಿಂತಲ್ಲೇ ಹಿಮ್ಮಡ ಎತ್ತಿ ಇಳಸ್ತಾವ. ಕಾಲಾಗ ಬಲಾನೇ ಇಲ್ಲ.”

ಒಂದು ಸಂಜೆ ಅವರು ಕಟ್ಟೆಯ ಮೇಲೆ ಕುಳಿತು ಇದನ್ನೇ ಹೇಳುತ್ತಿದ್ದಾಗ ಸಾಲಿ ಬಿಟ್ಟಿತು. ಮಕ್ಕಳು ಓಣಿ ಹೊಕ್ಕರು. ಯಾರೂ ನೆಟ್ಟಗೆ ನಡೆದು ಬರಲಿಲ್ಲ. ಗಟಾರದ ಈ ದಂಡೆಯಿಂದ ಆ ದಂಡೆಗೆ, ಆ ದಂಡೆಯಿಂದ ಈ ದಂಡೆಗೆ ಜಿಗಿಯುತ್ತಲೇ ಬಂದರು. ಚಿಕ್ಕವರು ಕಿರಿದಾದ ಕಡೆ, ದೊಡ್ಡವರು ಅಗಲವಾದ ಕಡೆ. ಪಾಟಿ ಹಲ್ಲಲ್ಲಿ ಕಚ್ಚಿಕೊಂಡು ಒಬ್ಬ. ತಮ್ಮನನ್ನು ಟೊಂಕದ ಮೇಲೆ ಹೊತ್ತ ಹುಡುಗಿಯೊಬ್ಬಳು ಎಲ್ಲಕ್ಕಿಂತ ಅಗಲವಾದ ಕಡೆ ಹಾರಿದಳು. ತಮ್ಮನ ಟೋಪಿ ಆ ದಂಡೆಯಲ್ಲೇ ಉಳಿದಿತ್ತು. ಮತ್ತೆ ಹಾರಿಹೋಗಿ ತಂದಳು.

ಮಾಸ್ತರರು ಎದ್ದು ನಿಂತರು. “ಏ ಹುಡುಗಿ, ನಿಲ್ಲು! ಮುಂಜಾನಿ ಕಾಲು ನೋವು ಅಂದಾಕಿ ನೀನೇ ಹೌದಲ್ಲ? ಸಾಲ್ಯಾಗ ಹಿಂಗ ಯಾಕ ಜಿಗಿಯಂಗಿಲ್ಲ?”

ಹುಡುಗಿ ತಮ್ಮನಿಗೆ ಟೋಪಿ ಹಾಕುತ್ತ, “ಸಾಲ್ಯಾಗ ಗಟಾರ ಎಲ್ಲದರಿ, ಮಾಸ್ತರ?” ಎಂದಳು.

ಮರುದಿನ ಮಾಸ್ತರರು ಓವರ್‌ಸಿಯರ್ ಸಾಹೇಬರ ಕಚೇರಿಗೆ ಹೋಗಿ, ಸಾಲಿಯ ಅಂಗಳಕ್ಕೆ ಒಂದು ಗಟಾರ ಬೇಕು ಎಂದು ಕೇಳಿದರಂತೆ. “ಅಲ್ಲಿ ನೀರೇ ಇಲ್ವಲ್ಲ ಮೇಷ್ಟ್ರೇ, ಏನು ಹರೀಬೇಕು?” ಎಂದು ಸಾಹೇಬರು ಕೇಳಿದರಂತೆ.

“ನೀರು ಬ್ಯಾಡ್ರಿ,” ಎಂದರಂತೆ ಮಾಸ್ತರರು. “ಹುಡುಗ್ರು ಹರೀತಾವ.”

ಆಯಿಯ ಕಟ್ಟೆ

ಬಯಲಿನ ಮೂಲೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು, ಓಣಿಗೆಲ್ಲ ಆಯಿ. ಆಕೆ ಬಾಯಿ ತೆರೆದು ಬೈದರೆ ಪಕ್ಕದ ತಾಲೂಕಿನ ಸುರಪುರದಲ್ಲಿ ಮಲಗಿದವರು ಎದ್ದು ಕೂಡಬೇಕು. ಆಕೆಯ ಮನೆಯ ಮುಂದಿನ ಕಟ್ಟೆ ಎತ್ತರವಾಗಿ, ಅಗಲವಾಗಿ, ಜಿಗಿಯಲು ಹೇಳಿ ಮಾಡಿಸಿದಂತಿತ್ತು. ಮಕ್ಕಳು ಹತ್ತುವುದು, ಆಯಿ ಕೋಲು ಹಿಡಿದು ಬೆನ್ನಟ್ಟುವುದು, ಬೈದು ತಿರುಗಿ ಬರುವುದರೊಳಗೆ ಮತ್ತೆ ಹತ್ತುವುದು. ಬೆಳಗಿನಿಂದ ಸಂಜೆಯವರೆಗೆ ಇದೇ.

ಸಾಹೇಬರಿಗೆ ಓಣಿಯಲ್ಲಿ ತಮ್ಮ ಕಡೆಯವರು ಒಬ್ಬರಾದರೂ ಸಿಕ್ಕರಲ್ಲ ಎಂದು ಖುಷಿಯಾಯಿತು. ಆಯಿಯ ದೂರು ಕೇಳಿದ್ದೇ ಕಟ್ಟೆಯ ಅಂಚಿನ ಉದ್ದಕ್ಕೂ ಚೂಪು ಕಲ್ಲು ನೆಡಿಸಿಕೊಟ್ಟರು. ಮಕ್ಕಳು ಬಂದರು, ನೋಡಿದರು, ಬಯಲಿನ ಆ ಕಡೆಗೆ ಹೋದರು.

ಕೆಲವು ದಿನ ಓಣಿ ತಣ್ಣಗಿತ್ತು. ಆಮೇಲೊಂದು ದಿನ ಆಯಿ ಗೋಡೆ ಹಿಡಿದು ಹಿಡಿದು ನನ್ನ ಬಾಗಿಲಿಗೆ ಬಂದಳು.

“ಯಾಕ ಆಯಿ, ಹಿಂಗ ನಡೀತೀದಿ?”

“ಮೊಣಕಾಲು ಹಿಡದಾವ ಯವ್ವಾ. ಆ ಹಾಳಾದವರ ಬೆನ್ನ ಹತ್ತಿ ಓಡಿ ಓಡಿ ಕಾಲು ನೆಟ್ಟಗಿದ್ವು. ಈಗ ಕುಂತಲ್ಲೇ ಕುಂತು ಕಟಗಿ ಆಗ್ಯಾವ. ನನ್ನ ಕಟ್ಟಿ ಮ್ಯಾಲ ನಾನೂ ಕೂಡಂಗಿಲ್ಲ, ಕಲ್ಲು ಚುಚ್ಚತಾವ. ದವಡಿನೂ ಬಿಗದಾವ. ಬೈಯಾಕ ಒಬ್ಬರೂ ಇಲ್ಲ.”

ಊಟಕ್ಕೆ ಬಂದ ಸಾಹೇಬರನ್ನು ಆಯಿ ಅಲ್ಲೇ ಹಿಡಿದಳು. “ಆ ಕಲ್ಲು ಕೀಳಿಸು.”

“ಅಜ್ಜೀ, ನೀವೇ ತಾನೇ ಹುಡುಗರನ್ನ ಓಡಿಸಿ ಅಂದಿದ್ದು?”

“ಬೈಯೂದು ನನ್ನ ಕೆಲಸ, ಓಡೂದು ಅವರ ಕೆಲಸ,” ಎಂದಳು ಆಯಿ. “ನಡಬರಕ ನಿನ್ನ ಕಲ್ಲು ಯಾಕ ಬೇಕಾಗಿತ್ತೋ, ತಮ್ಮಾ?”

ಸುಣ್ಣದ ಗೆರೆ

ಕಡೆಗೆ ಆ ದಿನ ಬಂತು. ರಸ್ತೆ ನೋಡಲು ಗುಲಬರ್ಗಾದಿಂದ ದೊಡ್ಡ ಸಾಹೇಬರು ಬರುವವರಿದ್ದರು. ಅವರಿಗೆ ಅಂಗಡಿಯ ವಿಷಯ ಇನ್ನೂ ಗೊತ್ತಿರಲಿಲ್ಲ. ಕಾಗದದಲ್ಲಿ ತೋರಿಸುವುದಕ್ಕಿಂತ ನೆಲದ ಮೇಲೇ ತೋರಿಸಿದರೆ ನಿಂತಲ್ಲೇ ಒಪ್ಪಿಬಿಡುತ್ತಾರೆ ಎಂದು ನಮ್ಮ ಓವರ್‌ಸಿಯರ್ ಸಾಹೇಬರ ಲೆಕ್ಕ.

ಹಿಂದಿನ ಸಂಜೆ ಆಳುಗಳು ಬಂದು ಬಯಲಿನ ಕಲ್ಲು ಮುಳ್ಳು ಆರಿಸಿದರು. ತಗ್ಗು ತುಂಬಿದರು, ನೀರು ಹೊಡೆದು ದಮ್ಮಸ್ಸು ಬಡಿದು ಗಟ್ಟಿ ಮಾಡಿದರು. ಆಮೇಲೆ ಸಾಹೇಬರು ತಾವೇ ಟೇಪು ಹಿಡಿದು, ಹಗ್ಗ ಎಳೆಸಿ, ಸುಣ್ಣದ ಪುಡಿಯಲ್ಲಿ ಗೆರೆ ಹಾಕಿಸಿದರು. ಎರಡೂ ಬದಿಗೆ ಅಂಗಡಿಗಳ ಚೌಕಗಳು. ನಡುವೆ ಅಗಲವಾದ ದಾರಿ, ದಾರಿಗೆ ಅಡ್ಡಲಾಗಿ ಒಂದು ಗೆರೆ. ಕೆಲಸ ಎಷ್ಟು ಚೊಕ್ಕವಾಗಿತ್ತೆಂದರೆ ನನಗೇ ಅದನ್ನು ನೋಡಿ ಹೊಟ್ಟೆ ಉರಿಯಿತು. ಪೇಂಟರ್ ಒಂದು ಫಲಕವನ್ನೂ ನಿಲ್ಲಿಸಿದ್ದ. ಹಳೆಯ ಕಾಲದಿಂದ ಉರ್ದು ಬೋರ್ಡು ಬರೆದವನು, ಕನ್ನಡ ಅವನ ಕೈಗೆ ನಿಧಾನ. “ಸರಕಾರದಿಂದ ಊರ ಜನರಿಗಾಗಿ” ಎಂಬಷ್ಟು ಬರೆದಾಗ ಬಣ್ಣ ತೀರಿತ್ತು. ಉಳಿದದ್ದನ್ನು ಆಮೇಲೆ ಬರೆಯುತ್ತೇನೆಂದು ಹೋಗಿದ್ದ.

ನಾನು ಬೆಳಿಗ್ಗೆಯೇ ಒಲೆ ಆರಿಸಿ ಇಳಕಲ್ ಸೀರೆ ಉಟ್ಟು ಸಿದ್ಧಳಾದೆ. ದೊಡ್ಡ ಸಾಹೇಬರು ಜೀಪಿನಿಂದ ಇಳಿದ ಕೂಡಲೇ ಮುಂದೆ ನಿಂತು ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕೇಳಲಿಲ್ಲವೆಂದರೆ ಮುಂದೆ ಅಂಗಡಿಯ ಅಡಿಪಾಯ ತೋಡುವಾಗ ಆ ತಗ್ಗಿನಲ್ಲೇ ಕುಳಿತುಬಿಡುವುದು, ಯಾರು ಎಬ್ಬಿಸುತ್ತಾರೋ ನೋಡುವುದು. ಅದೂ ತಯಾರಿತ್ತು.

ಆದರೆ ಮಕ್ಕಳಿಗೆ ಇದ್ಯಾವುದನ್ನೂ ಯಾರೂ ಹೇಳಿರಲಿಲ್ಲ.

ಭಾನುವಾರ, ಸಾಲಿ ಇಲ್ಲ. ಎದ್ದು ಬಂದು ನೋಡುತ್ತಾರೆ: ಕಲ್ಲಿಲ್ಲ, ಮುಳ್ಳಿಲ್ಲ, ನೆಲ ರೊಟ್ಟಿಯಂತೆ ಸಾಪಾಗಿದೆ. ನಡುವಿನ ದಾರಿಯಲ್ಲಿ ಉದ್ದಕ್ಕೆ ಎರಡು ಬಿಳಿ ಗೆರೆ, ಅಡ್ಡಕ್ಕೆ ಒಂದು. ಇಷ್ಟು ದಿನ ಕಾಲ ಹೆಬ್ಬೆರಳಿನಿಂದ ಗೆರೆ ಎಳೆದು, ಅದು ಅಳಿಸಿತೆಂದು ಜಗಳಾಡಿ, ಹುತುತು ಎನ್ನುತ್ತ ಕಬಡ್ಡಿ ಆಡಿದವರು ಅವರು. ಅಂಗಡಿಯ ಚೌಕಗಳನ್ನು ಕಂಡು ಹುಡುಗಿಯರು ಹಂಚಿನ ಚೂರು ಹುಡುಕಿಕೊಂಡು ಬಂದರು, ಕುಂಟಾಟಕ್ಕೆ. ಜೀಪು ಅಗಸಿ ದಾಟುವ ಹೊತ್ತಿಗೆ ಬಯಲು ತುಂಬಿಹೋಗಿತ್ತು.

ಓವರ್‌ಸಿಯರ್ ಸಾಹೇಬರು ಜೀಪಿನಿಂದ ಹಾರಿ ಕೈ ಬೀಸುತ್ತ ಓಡಿಬಂದರು. “ಏಯ್! ಹೋಗ್ರೋ! ಆಚೆ ಹೋಗ್ರೋ!”

ಮಕ್ಕಳು ಅವರಿಗೆ ದಾರಿ ಬಿಟ್ಟು ಮತ್ತೆ ಆಡತೊಡಗಿದರು. ಒಂಟಿಗಾಲಲ್ಲಿ ಕುಂಟುತ್ತಿದ್ದ ಅವರ ಮಗಳು, “ಅಪ್ಪಾ, ಗೆರೆ ತುಳೀಬೇಡಿ!” ಎಂದು ಕೂಗಿದಳು.

ಅಷ್ಟರಲ್ಲಿ ದೊಡ್ಡ ಸಾಹೇಬರು ಇಳಿದರು. ಬೀದರ ಕಡೆಯ ಆಳು, ಹುರಿ ಮೀಸೆ, ದೊಡ್ಡ ದನಿ. ಬಯಲು ನೋಡಿದರು. ಫಲಕ ಓದಿದರು. ಮತ್ತೆ ಬಯಲು ನೋಡಿದರು.

“ವಾಹ್! ಕ್ಯಾ ಬಾತ್ ಹೈ!” ಎಂದರು. “ನಾ ಯಾವ ಊರಿಗೆ ಹೋದ್ರೂ ಬಜಾರ ಮಾಡೂನ್ರಿ, ಮೋಟರ್ ಸ್ಟ್ಯಾಂಡ್ ಮಾಡೂನ್ರಿ ಅಂತ ತಲಿ ತಿಂತಾರ. ಮಕ್ಕಳಿಗೆ ಆಡಾಕ ಹಿಂಗ ಬರಾಬರ್ ಲೈನ್ ಹಾಕಿ ಬಯಲು ಮಾಡಿಕೊಟ್ಟದ್ದು ಇಲ್ಲೇ ನೋಡಿದೆ. ಯಾರ ತಲ್ಯಾಗ ಹೊಳೀತು ಇದು?”

ಓವರ್‌ಸಿಯರ್ ಸಾಹೇಬರ ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ ಇತ್ತು. ಅದನ್ನು ನೋಡಿಕೊಂಡರು. ನನ್ನನ್ನು ನೋಡಿದರು. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ. ಕುಂಟುತ್ತಿದ್ದ ಮಗಳನ್ನು ನೋಡಿದರು. ಅವಳ ಮುಖ ಬೆವೆತು ಕೆಂಪಾಗಿತ್ತು. ನಕ್ಷೆ ಮೆಲ್ಲಗೆ ಬೆನ್ನ ಹಿಂದೆ ಹೋಯಿತು.

“ನಂದೇ ಸಾರ್,” ಎಂದರು.

“ಶಾಬಾಸ್! ಇದು ಹಿಂಗೇ ಇರಬೇಕು. ಗೆರಿ ಅಳಿಸಿದ್ರ ಮತ್ತ ಹೊಡಸ್ರಿ. ಮುಂದಿನ ಸಲ ಬಂದಾಗ ನಾ ನೋಡ್ತೀನಿ.”

ಜೋಡಿಸಿಕೊಂಡಿದ್ದ ನನ್ನ ಮಾತುಗಳೆಲ್ಲ ಹೊಟ್ಟೆಯಲ್ಲೇ ಉಳಿದವು. ಅಷ್ಟು ಒಳ್ಳೆಯ ಮಾತುಗಳು, ಒಂದಾದರೂ ಆಡುವ ಪ್ರಸಂಗ ಬರಲಿಲ್ಲವಲ್ಲ ಎಂದು ಸಣ್ಣಗೆ ಸಿಟ್ಟೂ ಬಂತು.

ದೊಡ್ಡ ಸಾಹೇಬರು ಅಷ್ಟಕ್ಕೇ ಬಿಡಲಿಲ್ಲ. ಚಿಕ್ಕಂದಿನಲ್ಲಿ ಅವರು ಹುತುತು ಆಡಿ ಹೆಸರು ಮಾಡಿದವರಂತೆ. ಕೋಟು ತೆಗೆದು ಜೀಪಿನ ಮೇಲೆ ಎಸೆದರು, ಪ್ಯಾಂಟು ಮಡಚಿದರು, ಬೂಟು ಬಿಚ್ಚಿ ಒಂದು ಕಡೆಯ ಮಕ್ಕಳ ಜೊತೆ ನಿಂತೇಬಿಟ್ಟರು. “ಓವರ್‌ಸಿಯರ್, ನೀವು ಆ ಕಡಿ ನಿಲ್ರಿ. ಗ್ರೌಂಡ್ ಮಾಡಿದವರೇ ಮೊದಲು ಆಡಬೇಕು. ಬರ್ರಿ, ಉಸಿರು ಹಿಡೀರಿ!”

ಇಸ್ತ್ರಿ ಅಂಗಿಯ ತೋಳು ಮಡಚಿ ನಮ್ಮ ಸಾಹೇಬರು ಗೆರೆಯ ಹತ್ತಿರ ಬಂದರು. ಬಗ್ಗಿದರು. ಉಸಿರು ಎಳೆದುಕೊಂಡು, “ಚಡುಗುಡು ಚಡುಗುಡು ಚಡುಗುಡು” ಎನ್ನುತ್ತ ಒಳಗೆ ನುಗ್ಗಿದರು.

ಮಕ್ಕಳು ಹಿಡಿಯುವುದನ್ನು ಬಿಟ್ಟು ನಿಂತರು. “ಇದೇನ್ರಿ? ಹುತುತು ಅನಬೇಕು!” ಎಂದಳು ನನ್ನ ಮಗಳು. “ಇದು ನಡಿಯಂಗಿಲ್ಲ!”

ದೊಡ್ಡ ಸಾಹೇಬರು ಕೈ ಎತ್ತಿದರು. “ಅವರ ಕಡಿ ಹಂಗೇ ಅಂತಾರವ್ವ. ಈಗ ಎಲ್ಲಾ ಕೂಡಿ ಒಂದೇ ರಾಜ್ಯ ಆಗ್ಯದ, ಚಡುಗುಡುನೂ ನಡೀತದ. ಹಿಡೀರಿ!”

ಹಿಡಿ ಎಂದದ್ದೇ ತಡ, ನನ್ನ ಮಗಳು ಒಂದು ಕಾಲಿಗೆ ಬಿದ್ದಳು. ಇನ್ನೊಂದು ಕಾಲಿಗೆ ಮತ್ತಿಬ್ಬರು ಬಿದ್ದರು. ಕುಂಟಾಟ ಬಿಟ್ಟು ಓಡಿಬಂದ ಅವರ ಮಗಳು ಯಾರ ಕಡೆಯೆಂದೂ ನೋಡದೆ ಅಪ್ಪನ ಟೊಂಕ ತಬ್ಬಿ ಜೋತುಬಿದ್ದಳು. ಸಾಹೇಬರು ಗಟ್ಟಿ ಜೀವ. ಅಷ್ಟೂ ಮಕ್ಕಳನ್ನು ಎಳೆದುಕೊಂಡೇ ಬದಿಗೆ ಸರಿದರು, ತತ್ತರಿಸಿದರು, ಧೊಪ್ಪೆಂದು ಬಿದ್ದರು.

“ಔಟ್!” ಎಂದು ಇಡೀ ಬಯಲು ಕೂಗಿತು. “ಗೆರಿ ದಾಟೀರಿ! ಔಟ್!”

ಆಟದ ಕಾವು ಕೆಟ್ಟದ್ದು. ಮಣ್ಣು ತುಂಬಿದ ಮುಖ ಎತ್ತಿ ಸಾಹೇಬರು ಸಿಟ್ಟಿನಿಂದ ಒದರಿದರು: “ಹೇಗ್ರೋ ಔಟು? ಅದು ಆಟದ ಗೆರೆ ಅಲ್ಲ! ಅದು ಮೂರನೇ ಅಂಗಡಿ ಗೋಡೆ!”

ನಾನು ಜೋಡಿಸಿಟ್ಟ ಮಾತುಗಳೊಂದಿಗೆ ಒಂದು ಹೆಜ್ಜೆ ಮುಂದೆ ಬಂದೆ.

“ಅಂಗಡಿ?” ಎಂದರು ದೊಡ್ಡ ಸಾಹೇಬರು. ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು. “ಯಾವ ಅಂಗಡಿ, ಓವರ್‌ಸಿಯರ್?”

ಸಾಹೇಬರ ಬೆನ್ನ ಮೇಲೆ ಅವರ ಮಗಳು ಕುಳಿತಿದ್ದಳು. ಎರಡೂ ಕಾಲು ಇನ್ನೂ ನಮ್ಮ ಓಣಿಯ ಕೈಯಲ್ಲಿದ್ದವು. ಅವರು ಒಮ್ಮೆ ಮಗಳ ಕಡೆ ಕತ್ತು ತಿರುಗಿಸಲು ನೋಡಿದರು, ಆಗಲಿಲ್ಲ. ಗಲ್ಲ ನೆಲಕ್ಕಿಟ್ಟು ಉಸಿರು ಬಿಟ್ಟರು.

“ಯಾವ ಅಂಗಡೀನೂ ಇಲ್ಲ ಸಾರ್,” ಎಂದರು. “ನಾನು ಔಟು.”